ನೆನೆದು ಕಾಯುವ ಕೆಲಸ

ಹಕ್ಕಿ ತನ್ನ ಮೊಟ್ಟೆಯನ್ನು ಮುಟ್ಟಿ ಮರಿಮಾಡುತ್ತದೆ, ಮೀನು ನೋಡಿ ಮರಿಮಾಡುತ್ತದೆ, ಆಮೆಯಾದರೋ ನೆನೆದೇ ಮರಿಮಾಡುತ್ತದೆ ಎಂಬ ಮಾತನ್ನು ನಮ್ಮ ಹಿರಿಯರಲ್ಲಿ ಅನೇಕರು ಬಲ್ಲರು. ಗುರುವು ಶಿಷ್ಯನಿಗೆ ಸ್ಪರ್ಶದಿಂದ, ದೃಷ್ಟಿಯಿಂದ, ಸ್ಮರಣೆಯಿಂದ ಅನುಗ್ರಹ ಮಾಡುವ ಬಗೆಗಳನ್ನು ವಿವರಿಸುವಾಗ ಮಠಗಳಲ್ಲಿಯೂ ಪ್ರವಚನಗಳಲ್ಲಿಯೂ ಈ ಹೋಲಿಕೆ ಬರುತ್ತದೆ. ತಾಯಾಮೆ ಮರಳಿನಲ್ಲಿ ಮೊಟ್ಟೆಗಳನ್ನು ಹೂತು ನೀರಿಗೆ ಮರಳುತ್ತದೆ, ದೂರದಲ್ಲಿದ್ದುಕೊಂಡೇ ಅವುಗಳನ್ನು ನೆನೆಯುತ್ತದೆ, ಆ ನೆನಪಿನ ಬಲದಿಂದಲೇ ಮೊಟ್ಟೆ ಒಡೆಯುತ್ತದೆ ಎಂಬುದು ಹಿಂದಿನವರ ನಂಬಿಕೆ.

ಜೀವಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಮೊಟ್ಟೆಯನ್ನು ಮರಿಮಾಡುವುದು ಬಿಸಿಲಿಗೆ ಕಾದ ಮರಳು. ತಾಯಿ ಆ ಗೂಡಿನ ಕಡೆಗೆ ಮತ್ತೆ ತಿರುಗಿಯೂ ನೋಡುವುದಿಲ್ಲ. ಆದರೂ ಹಿರಿಯರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ಕಳೆದ ಐವತ್ತು ವರ್ಷಗಳಿಂದ ನಮ್ಮ ದೇಶದ ಕಡಲ ದಂಡೆಗಳಲ್ಲಿ ಕಡಲಾಮೆಯ ಮೊಟ್ಟೆಗಳು ಮರಿಗಳಾಗಿ ನೀರು ಸೇರುತ್ತಿರುವುದರಲ್ಲಿ ನೆನಪಿನ ಪಾಲು ದೊಡ್ಡದಾಗಿದೆ. ಅದು ಮನುಷ್ಯರ ನೆನಪು. ವರ್ಷವರ್ಷವೂ ಅದೇ ತಿಂಗಳುಗಳಲ್ಲಿ, ಅದೇ ಇರುಳುಗಳಲ್ಲಿ, ನಿದ್ದೆಗೆಟ್ಟು ಮರಳಿನ ಮೇಲೆ ನಡೆದವರ ನೆನಪು.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ನೆಲೆಸಿರುವ ನಮಗೆ ಕಡಲಾಮೆಯ ಮಾತು ಏಕೆ ಎಂದು ಓದುಗರು ಕೇಳಬಹುದು. ನಮ್ಮದು ಕಡಲಿಲ್ಲದ ಸೀಮೆ. ಮಗ್ಗ, ಗಿರಣಿ, ಬನಿಯನ್ ಕಾರ್ಖಾನೆ, ತೆಂಗಿನ ತೋಟ, ಇವು ನಮ್ಮ ಬದುಕು. ಆದರೆ ನಮ್ಮ ನೀರು ಎರಡು ಕಡಲುಗಳಿಗೆ ಹೋಗುತ್ತದೆಂಬುದನ್ನು ಮರೆಯಬಾರದು. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ಕೊಯಮತ್ತೂರನ್ನೂ ತಿರುಪ್ಪೂರನ್ನೂ ದಾಟಿ ಕಾವೇರಿಯನ್ನು ಸೇರುತ್ತದೆ. ಭವಾನಿಯೂ ಅಮರಾವತಿಯೂ ಕಾವೇರಿಯಲ್ಲಿಯೇ ಕೂಡುತ್ತವೆ. ಆ ಕಾವೇರಿ ಪೂಂಪುಹಾರದ ಬಳಿ ಬಂಗಾಳ ಕೊಲ್ಲಿಗೆ ಇಳಿಯುತ್ತಾಳೆ. ಪೊಳ್ಳಾಚಿಯ ಕಡೆಯ ಆಳಿಯಾರಿನ ನೀರು ಪಡುವಣಕ್ಕೆ ಹರಿದು ಭಾರತಪ್ಪುಳೆಯ ಮೂಲಕ ಪೊನ್ನಾನಿಯಲ್ಲಿ ಅರಬ್ಬಿ ಕಡಲನ್ನು ಮುಟ್ಟುತ್ತದೆ. ಈ ಎರಡು ಕಡಲುಗಳ ದಂಡೆಗೂ ಆಮೆ ಬರುತ್ತದೆ. ಪೂಂಪುಹಾರದ ಸುತ್ತಲಿನ ವಾನಗಿರಿ, ಕೂಳೈಯಾರ್ ಮುಂತಾದ ಊರುಗಳ ಮರಳಿನಲ್ಲಿ ಅದು ಮೊಟ್ಟೆಯಿಡುತ್ತದೆ. ನಮ್ಮ ಹೊಳೆಗಳ ಕೊನೆಯಲ್ಲಿರುವ ಈ ಪ್ರಾಣಿಯ ವಿಚಾರ ನಮಗೆ ಹೊರಗಿನದಾಗಲಾರದು.

ಅಮರಾವತಿಯ ದಡದಲ್ಲಿ

ಮೊಟ್ಟೆಯನ್ನು ಕಾಯುವ ಕೆಲಸ ನಮ್ಮ ಸೀಮೆಗೆ ಹೊಸದೂ ಅಲ್ಲ. ಉಡುಮಲೈಪೇಟೆಯಿಂದ ಅಮರಾವತಿ ಅಣೆಕಟ್ಟನ್ನು ನೋಡಲು ಹೋದವರೆಲ್ಲರೂ ಅಲ್ಲಿಯ ಮೊಸಳೆ ಸಾಕಣೆ ಕೇಂದ್ರವನ್ನು ಕಂಡಿರುತ್ತಾರೆ. ಚಿನ್ನಾರ್, ತೇನಾರ್, ಪಾಂಬಾರ್ ಹೊಳೆಗಳಿಂದ ತುಂಬುವ ಆ ಜಲಾಶಯದಲ್ಲಿ ಮೊಸಳೆಗಳು ಹಿಂದಿನಿಂದಲೂ ಇವೆ. 1975ರಲ್ಲಿ ಭಾರತ ಸರ್ಕಾರ ದೇಶದ ಮೊಸಳೆಗಳನ್ನು ಉಳಿಸುವ ಯೋಜನೆಯೊಂದನ್ನು ಆರಂಭಿಸಿತು. ಆ ಕಾಲಕ್ಕೇ ಅಮರಾವತಿಯ ಕೇಂದ್ರವೂ ಹುಟ್ಟಿಕೊಂಡಿತು. ಜಲಾಶಯದ ದಡದಲ್ಲಿ ಮೊಸಳೆ ಹೂತಿಟ್ಟ ಮೊಟ್ಟೆಗಳನ್ನು ಹುಡುಕಿ ತಂದು, ಮರಳಿನಲ್ಲಿ ಮರಿಮಾಡಿಸಿ, ಮರಿಗಳನ್ನು ಬೆಳೆಸುವುದು ಇಲ್ಲಿಯ ಕ್ರಮವಾಗಿತ್ತು.

ಈ ಮೊಸಳೆ ಯೋಜನೆಗೂ ಕಡಲಾಮೆಗೂ ನಂಟೊಂದುಂಟು. ಮೊಸಳೆಗಳ ವಿಷಯದಲ್ಲಿ ಸಲಹೆ ನೀಡಲು ವಿಶ್ವಸಂಸ್ಥೆಯ ಪರವಾಗಿ ಬಂದಿದ್ದ ಡಾ. ಎಚ್. ಆರ್. ಬಸ್ಟರ್ಡ್ ಅವರೇ 1974ರಲ್ಲಿ ಒರಿಸ್ಸಾದ ಗಹಿರ್ಮಠದ ಮರಳ ದಂಡೆಯನ್ನು ಕಂಡು, ಲಕ್ಷಾಂತರ ಕಡಲಾಮೆಗಳು ಒಟ್ಟಾಗಿ ಬಂದು ಮೊಟ್ಟೆಯಿಡುವ ತಾಣ ಅದೆಂದು ಲೋಕಕ್ಕೆ ತಿಳಿಸಿದರು. ಸ್ಥಳೀಯರಿಗೆ ಅದು ಮೊದಲೇ ಗೊತ್ತಿತ್ತು. ಅಲ್ಲಿಯ ಮೊಟ್ಟೆಗಳನ್ನು ದೋಣಿಗಟ್ಟಲೆ ತುಂಬಿಕೊಂಡು ಹೋಗಲು ಅದುವರೆಗೆ ಪರವಾನಗಿಯನ್ನೇ ಕೊಡಲಾಗುತ್ತಿತ್ತು. ಹಾವುಗಳ ವಿಚಾರದಲ್ಲಿ ಹೆಸರಾದ ರಾಮುಲಸ್ ವಿಟೇಕರ್ ಅವರೂ ಹೀಗೆಯೇ ಮೊಸಳೆಗಳಿಗೂ ಆಮೆಗಳಿಗೂ ಒಟ್ಟಿಗೆ ದುಡಿದರು.

ಆದರೆ ಈ ಎರಡು ಪ್ರಾಣಿಗಳ ತಾಯ್ತನದಲ್ಲಿ ಅಜಗಜಾಂತರವಿದೆ. ಮೊಸಳೆ ತನ್ನ ಗೂಡಿನ ಬಳಿಯಲ್ಲಿಯೇ ಕಾದಿರುತ್ತದೆ. ಮರಿಗಳು ಮೊಟ್ಟೆಯೊಳಗಿನಿಂದ ಕೂಗಿದಾಗ ಮಣ್ಣನ್ನು ಕೆದಕಿ, ಆ ಭಯಂಕರವಾದ ಬಾಯಿಯಲ್ಲಿಯೇ ಅವುಗಳನ್ನು ಮೆಲ್ಲಗೆ ಎತ್ತಿ ನೀರಿಗೆ ಒಯ್ಯುತ್ತದೆ. ಕಡಲಾಮೆಯ ಮರಿಗೆ ಅಂತಹ ಭಾಗ್ಯವಿಲ್ಲ. ಅದು ಹುಟ್ಟುವಾಗಲೇ ಅನಾಥ.

ಪಂಗುನಿಯ ಅತಿಥಿ

ಭಾರತದ ಕಡಲುಗಳಲ್ಲಿ ಐದು ಜಾತಿಯ ಕಡಲಾಮೆಗಳಿವೆ. ನಮ್ಮ ತೀರಗಳಲ್ಲಿ ಹೆಚ್ಚಾಗಿ ಮೊಟ್ಟೆಯಿಡುವುದು ಆಲಿವ್ ರಿಡ್ಲೆ ಎಂಬ ಜಾತಿ. ಪಂಗುನಿ ತಿಂಗಳ ಹೊತ್ತಿಗೆ ದಂಡೆಗೆ ಬರುವುದರಿಂದ ತಮಿಳು ಮೀನುಗಾರರು ಇದನ್ನು ಪಂಗುನಿ ಆಮೆ ಎಂದು ಕರೆಯುವುದುಂಟು. ಸುಮಾರು ಎರಡು ಅಡಿ ಉದ್ದದ ಚಿಪ್ಪು, ನಲವತ್ತು ಕಿಲೋದ ಆಸುಪಾಸಿನ ತೂಕ, ಬೂದು ಬೆರೆತ ಹಸಿರು ಬಣ್ಣ. ಕಡಲಾಮೆಗಳ ಪೈಕಿ ಇದು ಚಿಕ್ಕದು.

ಜನವರಿಯಿಂದ ಏಪ್ರಿಲ್‌ವರೆಗಿನ ಇರುಳುಗಳಲ್ಲಿ ಹೆಣ್ಣಾಮೆ ನೀರಿನಿಂದ ಮೇಲೆ ಬರುತ್ತದೆ. ನೀರಿನಲ್ಲಿ ಹಕ್ಕಿಯಂತೆ ಹಗುರಾಗಿ ಈಜುವ ಜೀವ ನೆಲದ ಮೇಲೆ ಏದುಸಿರು ಬಿಡುತ್ತಾ ತೆವಳಬೇಕು. ಅಲೆ ಮುಟ್ಟದಷ್ಟು ಮೇಲಕ್ಕೆ ಬಂದು, ಹಿಂಗಾಲುಗಳಿಂದ ಮರಳನ್ನು ಗೋರಿ, ಒಂದು ಮೊಳದಷ್ಟು ಆಳದ ಹೂಜಿಯಾಕಾರದ ಗುಳಿಯನ್ನು ತೋಡುತ್ತದೆ. ಕಣ್ಣಿಗೆ ಕಾಣದ ಗುಳಿಯನ್ನು ಕೇವಲ ಕಾಲಿನ ಸ್ಪರ್ಶದಿಂದ ಅಷ್ಟು ಓರಣವಾಗಿ ತೋಡುವುದು ಸೋಜಿಗವೇ ಸರಿ. ಅದರೊಳಗೆ ನೂರು, ನೂರಿಪ್ಪತ್ತು ಮೊಟ್ಟೆಗಳನ್ನಿಟ್ಟು ಮರಳು ಮುಚ್ಚಿ, ನೆಲಕ್ಕೆ ದಮ್ಮಸು ಹೊಡೆಯುವವರಂತೆ ತನ್ನ ಮೈಯನ್ನು ಎಡಕ್ಕೂ ಬಲಕ್ಕೂ ಬಡಿದು ಗಟ್ಟಿಮಾಡುತ್ತದೆ. ಈ ಹೊತ್ತಿನಲ್ಲಿ ಅದರ ಕಣ್ಣುಗಳಿಂದ ನೀರು ಇಳಿಯುತ್ತಿರುತ್ತದೆ. ಹೆರಿಗೆಯ ನೋವಿನ ಕಣ್ಣೀರೆಂದು ನೋಡಿದವರು ಮರುಗುತ್ತಾರೆ. ಕಡಲಿನ ನೀರು ಕುಡಿದು ಮೈಯಲ್ಲಿ ಹೆಚ್ಚಾದ ಉಪ್ಪನ್ನು ಹೊರಹಾಕುವ ಬಗೆ ಅದು. ಒಂದು ಗಂಟೆಯೊಳಗೆ ಎಲ್ಲ ಮುಗಿದು ಆಮೆ ನೀರಿಗೆ ಮರಳುತ್ತದೆ.

ನಲವತ್ತೈದರಿಂದ ಅರವತ್ತು ದಿನಗಳಲ್ಲಿ ಮೊಟ್ಟೆಗಳು ಮರಿಯಾಗುತ್ತವೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ನಿರ್ಧರಿಸುವುದು ಮರಳಿನ ಬಿಸಿ. ಮರಳು ಹೆಚ್ಚು ಕಾದರೆ ಹೆಣ್ಣು, ತಂಪಾದರೆ ಗಂಡು. ಭೂಮಿಯ ಬಿಸಿ ಏರುತ್ತಿರುವ ಈ ಕಾಲದಲ್ಲಿ ಗಂಡುಮರಿಗಳೇ ಕಡಿಮೆಯಾದಾವೆಂಬ ಚಿಂತೆ ವಿಜ್ಞಾನಿಗಳಿಗೆ ಹತ್ತಿರುವುದು ಈ ಕಾರಣದಿಂದಲೇ. ಗೂಡಿನೊಳಗಿನ ಮರಿಗಳು ಬಹುತೇಕ ಒಟ್ಟಿಗೇ ಎದ್ದು, ಮೇಲಿನ ಮರಳು ತಣ್ಣಗಾದ ಇರುಳಿನಲ್ಲಿ ಹೊರಬರುತ್ತವೆ. ಹೊರಬಂದ ಮರಿ ಎಲ್ಲಿ ಹೆಚ್ಚು ಬೆಳಕು ಕಾಣುತ್ತದೆಯೋ ಅಲ್ಲಿಗೆ ಹೊರಡುತ್ತದೆ. ದೀಪಗಳಿಲ್ಲದ ಕಾಲದಲ್ಲಿ ಬೆಳಕಿದ್ದುದು ನಕ್ಷತ್ರಗಳು ಹೊಳೆಯುವ ಕಡಲಿನ ಕಡೆಗೆ. ಇಂದು ಅದು ರಸ್ತೆಯ ಕಡೆಗೆ, ಹೋಟೆಲಿನ ಕಡೆಗೆ. ಅತ್ತ ಹೊರಟ ಮರಿ ನಾಯಿಯ ಬಾಯಿಗೋ ವಾಹನದ ಗಾಲಿಗೋ ಸಿಕ್ಕುತ್ತದೆ, ಇಲ್ಲವೇ ಬೆಳಗಿನ ಬಿಸಿಲಿಗೆ ಒಣಗುತ್ತದೆ.

ನೀರು ಸೇರಿದ ಹೆಣ್ಣುಮರಿ ಹತ್ತು ಹದಿನೈದು ವರ್ಷಗಳ ಮೇಲೆ ತಾನು ಹುಟ್ಟಿದ ತೀರದ ಸುತ್ತಮುತ್ತಲಿಗೇ ಮೊಟ್ಟೆಯಿಡಲು ಬರುತ್ತದೆ. ಭೂಮಿಯ ಕಾಂತಶಕ್ತಿಯು ಪ್ರತಿಯೊಂದು ತೀರದಲ್ಲಿಯೂ ತುಸು ಬೇರೆಯಾಗಿರುವುದರಿಂದ, ಆ ಗುರುತನ್ನು ಮರಿ ಹುಟ್ಟುವಾಗಲೇ ಮನದಟ್ಟು ಮಾಡಿಕೊಳ್ಳುತ್ತದೆ ಎಂದು ಸಂಶೋಧಕರು ಹೇಳುತ್ತಾರೆ. ಆಮೆ ನೆನೆಯುತ್ತದೆ ಎಂದ ನಮ್ಮ ಹಿರಿಯರು ಅಷ್ಟರಮಟ್ಟಿಗೆ ಸರಿಯಾಗಿಯೇ ಹೇಳಿದರು. ಅದು ನೆನೆಯುವುದು ತನ್ನ ಮೊಟ್ಟೆಯನ್ನಲ್ಲ, ತನ್ನ ತೀರವನ್ನು.

ಇರುಳು ನಡೆದವರು

ಮೊಟ್ಟೆಯನ್ನು ತಿನ್ನುವುದು, ಮಾರುವುದು ತೀರದ ಜನರಿಗೆ ಬಹುಕಾಲದ ರೂಢಿ. ಬಡವರ ಮನೆಯಲ್ಲಿ ಅದು ಪುಕ್ಕಟೆಯ ಊಟ. ತೂತ್ತುಕುಡಿಯ ಕಡೆಯಲ್ಲಿ ಆಮೆಯ ಹಸಿ ರಕ್ತವನ್ನು ಔಷಧವೆಂದು ಕುಡಿಯುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಪರಿಶಿಷ್ಟಕ್ಕೆ 1977ರಲ್ಲಿ ಆಲಿವ್ ರಿಡ್ಲೆಯೂ ಸೇರಿ, ಹುಲಿಯನ್ನು ಕೊಲ್ಲುವುದು ಎಂತಹ ಅಪರಾಧವೋ ಆಮೆಯನ್ನು ಕೊಲ್ಲುವುದೂ ಅಂತಹುದೇ ಅಪರಾಧವಾಯಿತು. ಆದರೆ ಕತ್ತಲಿನ ದಂಡೆಯಲ್ಲಿ ಕಾಯಿದೆಯ ಪುಸ್ತಕ ಕಾವಲು ನಿಲ್ಲುವುದಿಲ್ಲ. ಕಾವಲು ನಿಂತವರು ಬೇರೆ.

1970ರ ದಶಕದ ಮೊದಲ ವರ್ಷಗಳಲ್ಲಿ ಮದರಾಸಿನಲ್ಲಿ ವಿಟೇಕರ್ ಅವರೂ ಅವರ ಗೆಳೆಯರೂ ಇರುಳು ದಂಡೆಯುದ್ದಕ್ಕೆ ನಡೆದು ಗೂಡುಗಳನ್ನು ಹುಡುಕಲಾರಂಭಿಸಿದರು. ಅವರೊಡನಿದ್ದ ಸತೀಶ್ ಭಾಸ್ಕರ್ ಎಂಬ ತರುಣ ಮದರಾಸಿನ ಐ.ಐ.ಟಿ.ಯ ಓದನ್ನು ಬಿಟ್ಟು ಕಡಲಾಮೆಯನ್ನೇ ಬದುಕಾಗಿಸಿಕೊಂಡರು. ದೇಶದ ಕರಾವಳಿಯಲ್ಲಿಯೂ ಅಂಡಮಾನ್, ಲಕ್ಷದ್ವೀಪಗಳಲ್ಲಿಯೂ ಸಾವಿರಾರು ಕಿಲೋಮೀಟರು ಕಾಲ್ನಡಿಗೆಯಲ್ಲಿ ತಿರುಗಿ, ಯಾವ ದಂಡೆಯಲ್ಲಿ ಯಾವ ಆಮೆ ಮೊಟ್ಟೆಯಿಡುತ್ತದೆಂದು ಬರೆದಿಟ್ಟರು. 1982ರ ಮಳೆಗಾಲವನ್ನು ಲಕ್ಷದ್ವೀಪದ ಸುಹೇಲಿಯ ಜನವಸತಿಯಿಲ್ಲದ ದ್ವೀಪವೊಂದರಲ್ಲಿ ಒಬ್ಬರೇ ಕಳೆದರು. ಮಳೆಗಾಲದಲ್ಲಿ ಅಲ್ಲಿಗೆ ಯಾವ ದೋಣಿಯೂ ಹೋಗುವಂತಿರಲಿಲ್ಲ. ಮಡದಿಗೆ ಬರೆದ ಕಾಗದವನ್ನು ಸೀಸೆಯಲ್ಲಿಟ್ಟು ಕಡಲಿಗೆ ಬಿಟ್ಟರಂತೆ. ಅದು ತೇಲುತ್ತಾ ಸಿಂಹಳದ ಮೀನುಗಾರನೊಬ್ಬನ ಕೈಸೇರಿ, ಆ ಪುಣ್ಯಾತ್ಮನು ಅದನ್ನು ಅಂಚೆಯಲ್ಲಿ ಅವರ ಮನೆಗೆ ಕಳುಹಿಸಿದನು. 2023ರಲ್ಲಿ ತೀರಿಕೊಂಡ ಈ ಮಹನೀಯರ ಹೆಸರು ಶಾಲಾಪುಸ್ತಕಗಳಲ್ಲಿ ಇಲ್ಲದಿದ್ದರೂ, ಇಂದು ಕಡಲಾಮೆಯ ಬಗ್ಗೆ ನಮಗೆ ತಿಳಿದಿರುವುದರ ಬುನಾದಿ ಅವರು ಹಾಕಿದ್ದು.

1988ರಲ್ಲಿ ಮದರಾಸಿನ ವಿದ್ಯಾರ್ಥಿಗಳು ಈ ನಡಿಗೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ಕಡಲಾಮೆ ಸಂರಕ್ಷಣಾ ಜಾಲ ಅಂದಿನಿಂದ ಪ್ರತಿ ಹಂಗಾಮಿನಲ್ಲಿಯೂ ನೀಲಾಂಗರೈ, ಬೆಸೆಂಟ್ ನಗರ ಮುಂತಾದ ದಂಡೆಗಳಲ್ಲಿ ಇರುಳು ನಡೆಯುತ್ತಾ ಬಂದಿದೆ. ಮೊದಲು ನಡೆದವರು ಇಂದು ಮೊಮ್ಮಕ್ಕಳನ್ನು ಕಾಣುವ ವಯಸ್ಸಿಗೆ ಬಂದಿದ್ದಾರೆ. ಅವರ ಜಾಗದಲ್ಲಿ ಹೊಸ ಹುಡುಗರು, ಹುಡುಗಿಯರು ನಡೆಯುತ್ತಿದ್ದಾರೆ.

ಪಾಲಕ್ಕಾಡಿನ ಕಣಿವೆಯನ್ನು ದಾಟಿ ಪಡುವಣ ಕರಾವಳಿಗೆ ಹೋದರೆ, ಕಲ್ಲಿಕೋಟೆ ಜಿಲ್ಲೆಯ ಪಯ್ಯೋಳಿಯ ಬಳಿ ಕೊಳಾವಿಪಾಲಂ ಎಂಬ ಮೀನುಗಾರರ ಹಳ್ಳಿಯಿದೆ. ತಾವು ತಿನ್ನುತ್ತಿದ್ದ ಮೊಟ್ಟೆ ಅಳಿದುಹೋಗುತ್ತಿರುವ ಪ್ರಾಣಿಯದೆಂದು ಅಲ್ಲಿಯ ಯುವಕರು ಪತ್ರಿಕೆಯೊಂದರಲ್ಲಿ ಓದಿ ತಿಳಿದರು. 1992ರಿಂದ ಅವರು ಮೊಟ್ಟೆಗಳನ್ನು ಕಾಯತೊಡಗಿದರು. ಹೊರಗಿನಿಂದ ಯಾರೂ ಬಂದು ಒತ್ತಾಯಪಡಿಸಿದ್ದಲ್ಲ. ಇನ್ನೂ ಉತ್ತರಕ್ಕೆ, ನಮ್ಮಂತೆಯೇ ಗಡಿನಾಡಾದ ಕಾಸರಗೋಡು ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿ ನೈತಲ್ ಎಂಬ ಸಂಘ ಈ ಕೆಲಸವನ್ನು ಮಾಡುತ್ತಿದೆ. ಕರ್ನಾಟಕದಲ್ಲಿ ಕುಂದಾಪುರದ ಕೋಡಿ, ಹೊನ್ನಾವರ ಮುಂತಾದೆಡೆ ಅರಣ್ಯ ಇಲಾಖೆಯವರೂ ಮೀನುಗಾರರೂ ಕೂಡಿ ಗೂಡುಗಳಿಗೆ ಬೇಲಿ ಕಟ್ಟಿ ಕಾಯುತ್ತಾರೆ. 2024ರ ಆರಂಭದಲ್ಲಿ ಮಂಗಳೂರಿನ ಹತ್ತಿರದ ಸಸಿಹಿತ್ಲುವಿನಲ್ಲಿಯೂ ಗೂಡುಗಳು ಕಂಡಾಗ ಆ ಕಡೆಯ ಜನ ಹಿಗ್ಗಿದರು.

ಕೆಲಸದ ರೀತಿ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಅಪಾಯವಿಲ್ಲದ ಕಡೆ ಗೂಡನ್ನು ಇದ್ದಲ್ಲಿಯೇ ಬಿಡುವುದು ಎಲ್ಲಕ್ಕಿಂತ ಉತ್ತಮ. ನಾಯಿ, ನರಿ, ಅಲೆ, ಕಳ್ಳರ ಭಯವಿದ್ದರೆ ಮೊಟ್ಟೆಗಳನ್ನು ಕೆಲವೇ ಗಂಟೆಗಳೊಳಗೆ, ಕುಲುಕದೆ, ಎತ್ತಿಕೊಂಡು ಬಂದು, ಬೇಲಿ ಕಟ್ಟಿದ ಜಾಗದಲ್ಲಿ ತಾಯಿ ತೋಡಿದಷ್ಟೇ ಆಳದ, ಅದೇ ಆಕಾರದ ಗುಳಿಯಲ್ಲಿ ಹೂಳುತ್ತಾರೆ. ತಾರೀಖು ಬರೆದ ಹಲಗೆಯನ್ನು ನೆಡುತ್ತಾರೆ. ಮರಿಗಳು ಎದ್ದ ಇರುಳೇ ಅವುಗಳನ್ನು ದಂಡೆಯ ಮೇಲೆ ಬಿಟ್ಟು, ತಾವಾಗಿಯೇ ತೆವಳಿ ನೀರು ಸೇರಲು ಬಿಡುತ್ತಾರೆ. ಹುಟ್ಟಿದಾಗ ಮರಿಯ ಮೈಯಲ್ಲಿ ಕೆಲವು ದಿನಗಳ ಕಸುವಿರುತ್ತದೆ. ಅಲೆಗಳನ್ನು ದಾಟಿ ಆಳದ ಕಡಲಿಗೆ ಹೋಗಲು ಅದೇ ಬಂಡವಾಳ. ಅತಿಥಿಗಳು ಬರಲೆಂದು ಬೆಳಗಿನವರೆಗೆ ಬುಟ್ಟಿಯಲ್ಲಿಟ್ಟರೆ ಆ ಬಂಡವಾಳ ಬುಟ್ಟಿಯಲ್ಲಿಯೇ ಕರಗುತ್ತದೆ.

ಲೆಕ್ಕ ಸರಿಹೋಗುವುದಿಲ್ಲ

ಇಲ್ಲಿಗೆ ಲೇಖನವನ್ನು ಮುಗಿಸಿದರೆ ಓದುಗರ ಮನಸ್ಸು ತುಂಬಿ ಬಂದೀತು. ಆದರೆ ವ್ಯಾಪಾರದ ಮನೆಗಳಲ್ಲಿ ಬೆಳೆದ ನಮಗೆ ಖರ್ಚಿನ ಪಟ್ಟಿಯನ್ನೂ ನೋಡದೆ ಲಾಭದ ಪಟ್ಟಿಯನ್ನು ನಂಬುವ ಅಭ್ಯಾಸವಿಲ್ಲ.

ಸಾವಿರ ಮರಿಗಳಲ್ಲಿ ಒಂದು ಮಾತ್ರ ಬೆಳೆದು ದೊಡ್ಡದಾಗುತ್ತದೆ ಎಂಬುದು ಸಾಮಾನ್ಯವಾಗಿ ಹೇಳಲಾಗುವ ಅಂದಾಜು. 2024ರ ಹಂಗಾಮಿನಲ್ಲಿ ತಮಿಳುನಾಡಿನ ತೀರಗಳಿಂದ ಎರಡು ಲಕ್ಷಕ್ಕೂ ಮಿಕ್ಕಿದ ಮರಿಗಳನ್ನು ಕಡಲಿಗೆ ಬಿಡಲಾಯಿತು. ನೂರಾರು ಜನರು ತಿಂಗಳುಗಟ್ಟಲೆ ನಿದ್ದೆಗೆಟ್ಟ ಫಲ ಅದು. ಮೇಲಿನ ಅಂದಾಜಿನಂತೆ ಈ ಎರಡು ಲಕ್ಷದಲ್ಲಿ ಇನ್ನೂರರಷ್ಟು ಆಮೆಗಳು ಹದಿನೈದು ವರ್ಷಗಳ ಮೇಲೆ ಬದುಕಿ ಉಳಿದಾವು.

2025ರ ಜನವರಿಯಲ್ಲಿ ಚೆನ್ನೈಯ ಆಸುಪಾಸಿನ ದಂಡೆಗಳಲ್ಲಿ ಸತ್ತು ಬಿದ್ದ ಆಮೆಗಳ ಎಣಿಕೆ ಸಾವಿರವನ್ನು ದಾಟಿತು. ಮೊಟ್ಟೆಯಿಡುವ ಹಂಗಾಮಿಗೆಂದು ತೀರದ ಹತ್ತಿರ ಸೇರಿದ್ದ, ಬೆಳೆದ ಆಮೆಗಳು ಅವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಳ್ಳುವಷ್ಟು ದೊಡ್ಡ ಸಾವು. ಇನ್ನೂರನ್ನು ಗಳಿಸಲು ಒಂದು ವರ್ಷದ ದುಡಿಮೆ, ಸಾವಿರವನ್ನು ಕಳೆಯಲು ಕೆಲವು ವಾರಗಳು. ಈ ಲೆಕ್ಕವನ್ನು ಯಾವ ಕಣಕಪಿಳ್ಳೆಯೂ ಸರಿಹೊಂದಿಸಲಾರನು.

ಆಮೆ ಕಡಲಿನಲ್ಲಿದ್ದರೂ ಉಸಿರಾಡುವುದು ಗಾಳಿಯನ್ನೇ. ಆಗಾಗ ಮೇಲೆ ಬಂದು ಉಸಿರೆಳೆದುಕೊಳ್ಳಬೇಕು. ಯಾಂತ್ರಿಕ ದೋಣಿಗಳು ಸೀಗಡಿಗಾಗಿ ಕಡಲ ತಳದಲ್ಲಿ ಎಳೆದೊಯ್ಯುವ ದೊಡ್ಡ ಚೀಲದಂತಹ ಬಲೆಯಲ್ಲಿ ಸಿಕ್ಕಿಕೊಂಡ ಆಮೆಗೆ ಮೇಲೆ ಬರಲಾಗುವುದಿಲ್ಲ. ಒದ್ದಾಡಿ ಉಸಿರುಗಟ್ಟಿ ಸಾಯುತ್ತದೆ. ಮೀನುಗಾರನಿಗೆ ಆಮೆ ಬೇಕಾಗಿರುವುದಿಲ್ಲ. ಅದರಿಂದ ಬಲೆಯೂ ಹರಿಯುತ್ತದೆ. ಸತ್ತದ್ದನ್ನು ನೀರಿಗೆ ಎಸೆಯುತ್ತಾನೆ. ಯಾರಿಗೂ ಬೇಡದ ಸಾವು ಇದು.

ತಪ್ಪಿಸುವ ಉಪಾಯವಿಲ್ಲವೆಂದಲ್ಲ. ತಮಿಳುನಾಡಿನ ನಿಯಮದಂತೆ ತೀರದಿಂದ 5 ಕಡಲ ಮೈಲಿಯೊಳಗೆ, ಎಂದರೆ ಸುಮಾರು 9 ಕಿಲೋಮೀಟರೊಳಗೆ, ಯಾಂತ್ರಿಕ ದೋಣಿಗಳು ಬಲೆ ಎಳೆಯಕೂಡದು. ಆಮೆಗಳು ಹಂಗಾಮಿನಲ್ಲಿ ಹೆಚ್ಚಾಗಿ ಸೇರುವುದು ತೀರಕ್ಕೆ ಹತ್ತಿರದ ನೀರಿನಲ್ಲಿಯೇ. ಇದಲ್ಲದೆ ಬಲೆಯ ಕೊರಳಿಗೆ ಕಟ್ಟುವ ಸರಳುಗಳ ಚೌಕಟ್ಟೊಂದಿದೆ. ಟೆಡ್ ಎಂದು ಅದರ ಹೆಸರು. ಸೀಗಡಿ ಸರಳುಗಳ ನಡುವಿನಿಂದ ಬಲೆಯ ತುದಿಗೆ ಹೋಗುತ್ತದೆ. ದೊಡ್ಡ ಆಮೆ ಸರಳಿಗೆ ತಗುಲಿ ಪಕ್ಕದ ಕಿಂಡಿಯಿಂದ ಹೊರಬೀಳುತ್ತದೆ. ಕೊಚ್ಚಿಯ ಕೇಂದ್ರ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಹೊಂದುವಂತೆ ಇದನ್ನು ರೂಪಿಸಿಕೊಟ್ಟಿದೆ. ಆದರೂ ಕಿಂಡಿಯಿಂದ ಒಂದಿಷ್ಟು ಮೀನೂ ಹೋಗುತ್ತದೆಂದು ದೋಣಿಯವರು ಕಟ್ಟಲು ಒಪ್ಪುವುದಿಲ್ಲ. ಸಾಲ ಮಾಡಿ ದೋಣಿ ಇಳಿಸಿದವನಿಗೆ, ಡೀಸೆಲ್ಲಿನ ಬೆಲೆ ತೆರುವವನಿಗೆ, ಒಂದು ಬುಟ್ಟಿ ಮೀನೂ ಹಗುರವಲ್ಲ. ಅವನನ್ನು ರಾಕ್ಷಸನೆಂದು ಬೈದು ನಾವು ದೊಡ್ಡವರಾಗಬೇಕಾಗಿಲ್ಲ.

ಪರದೇಶದ ಕೊಳ್ಳುವವನ ಷರತ್ತು ಎಂದರೇನೆಂದು ತಿರುಪ್ಪೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಟೆಡ್ ಕಟ್ಟದ ದೇಶಗಳ ಸೀಗಡಿ ಬೇಡವೆಂದು ಅಮೆರಿಕ ಹಟ ಹಿಡಿದಾಗ ಭಾರತ, ಮಲೇಶಿಯ, ಪಾಕಿಸ್ತಾನ, ಥಾಯ್ಲೆಂಡ್ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟವು. ಅಮೆರಿಕ ಎಲ್ಲ ದೇಶಗಳನ್ನೂ ಒಂದೇ ರೀತಿಯಾಗಿ ಕಾಣಲಿಲ್ಲವೆಂದು 1998ರಲ್ಲಿ ತೀರ್ಪು ಬಂದರೂ, ಆಮೆಯನ್ನು ಕಾಪಾಡಲು ವ್ಯಾಪಾರಕ್ಕೆ ಷರತ್ತು ಹಾಕುವುದೇ ತಪ್ಪೆಂದು ಆ ತೀರ್ಪು ಹೇಳಲಿಲ್ಲ. 2019ರಲ್ಲಿ ಅಮೆರಿಕ ಭಾರತದ ಕಡಲಿನಲ್ಲಿ ಹಿಡಿದ ಸೀಗಡಿಯನ್ನು ಕೊಳ್ಳುವುದನ್ನು ನಿಲ್ಲಿಸಿತು. ಬಣ್ಣದ ನೀರನ್ನು ನೊಯ್ಯಲಿಗೆ ಬಿಡುತ್ತಿದ್ದ ಬಣ್ಣಗಾರಿಕೆಯ ಘಟಕಗಳನ್ನು ಮುಚ್ಚಬೇಕೆಂದು 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಆಜ್ಞೆ ಮಾಡಿದಾಗ ತಿರುಪ್ಪೂರು ಪಟ್ಟ ಪಾಡನ್ನು ನಮ್ಮಲ್ಲಿ ಬಲ್ಲವರು ಬಹಳ. ಕೆಲಸ ಹೋಯಿತು, ಸಾಲ ಏರಿತು. ಆ ಮೇಲೆ ನೀರನ್ನು ಶುದ್ಧಮಾಡಿ ಮತ್ತೆ ಬಳಸುವ ಏರ್ಪಾಟುಗಳಾಗಿ ಉದ್ಯಮ ನಡೆಯುತ್ತಾ ಬಂದಿತು. ಮೊದಲೇ ಮಾಡಬಹುದಾಗಿದ್ದುದನ್ನು ಪೆಟ್ಟು ಬಿದ್ದ ಮೇಲೆ ಮಾಡಿದೆವು. ಮೀನುಗಾರಿಕೆಯಲ್ಲಿಯೂ ಅದೇ ಕಥೆ ನಡೆಯುತ್ತಿದೆ. ಟೆಡ್ಡಿನಿಂದ ಆಗುವ ನಷ್ಟವನ್ನು ಬಡ ಮೀನುಗಾರನೊಬ್ಬನ ತಲೆಗೇ ಕಟ್ಟದೆ, ಸರ್ಕಾರವೂ ರಫ್ತಿನವರೂ ತಿನ್ನುವವರೂ ಹಂಚಿಕೊಂಡರೆ ಅದು ಕಟ್ಟಲಾಗದ ಸಾಧನವೇನೂ ಅಲ್ಲ.

ಒರಿಸ್ಸಾದಲ್ಲಿ ಲಕ್ಷಗಟ್ಟಲೆ ಆಮೆಗಳು ಬರುತ್ತಿರುವಾಗ ಇಲ್ಲಿಯ ಸಾವಿರಕ್ಕೆ ಏಕೆ ಕೊರಗಬೇಕೆಂದು ಕೇಳುವವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಋಷಿಕುಲ್ಯಾದ ದಂಡೆಯಲ್ಲಿ ಸುಮಾರು 7 ಲಕ್ಷ ಆಮೆಗಳು ಮೊಟ್ಟೆಯಿಟ್ಟವೆಂಬುದು ನಿಜ, ಸಂತೋಷದ ವಿಷಯ. ಆದರೆ ಆ ದಂಡೆಯ ಆಮೆಗಳು ನಮ್ಮ ತೀರದ ಕೊರತೆಯನ್ನು ತುಂಬುತ್ತವೆಂದು ನಂಬಿ ಕೂರುವಂತಿಲ್ಲ. ತಮ್ಮ ತೀರವನ್ನು ನೆನೆದು ಬರುವ ಜೀವಗಳು ಅವು. ಅಲ್ಲಿ ಇಕ್ಕಟ್ಟಿನಲ್ಲಿ ಒಂದು ಆಮೆಯ ಗೂಡನ್ನು ಮತ್ತೊಂದು ಆಮೆಯೇ ಕೆದಕಿಹಾಕುವುದುಂಟು. ಕೆಲವು ವರ್ಷ ಆ ಹಿಂಡು ಬಾರದೆಯೇ ಇರುವುದೂ ಉಂಟು. ಒಂದೇ ಹೊಲವನ್ನು ನಂಬಿ ಉಳಿದವನ್ನು ಬೀಳುಬಿಡುವ ಒಕ್ಕಲುಮಗನನ್ನು ಯಾರೂ ಜಾಣನೆನ್ನುವುದಿಲ್ಲ.

ಮರಳೇ ಉಳಿಯದಿದ್ದರೆ

ತಾಯಿಯೂ ಉಳಿದಳು, ಮೊಟ್ಟೆಯನ್ನು ಕಾಯುವವರೂ ಇದ್ದಾರೆ ಎನ್ನೋಣ. ಗುಳಿ ತೋಡಲು ಮರಳು ಬೇಡವೇ? ಕೊಳಾವಿಪಾಲದವರಿಗೆ ಒದಗಿದ ಕಷ್ಟ ಇದೇ. ಅವರು ಅಷ್ಟು ವರ್ಷ ಕಾಯ್ದ ದಂಡೆಯನ್ನು ಹೊಳೆಬಾಯಿಯಲ್ಲಿ ನಡೆದ ಮರಳು ಗಣಿಗಾರಿಕೆ ತಿಂದುಹಾಕಿತು. ಮರಳು ಕಡಿಮೆಯಾದಂತೆ ಕಡಲು ಮುನ್ನುಗ್ಗಿತು, ಗೂಡುಗಳು ವಿರಳವಾದವು. ಕಡಲ್ಕೊರೆತಕ್ಕೆಂದು ಕಲ್ಲಿನ ಗೋಡೆ ಕಟ್ಟಿದ ದಂಡೆಗಳಲ್ಲಿ ಆಮೆ ಬಂದು ಕಲ್ಲಿಗೆ ತಲೆಯೊಡ್ಡಿ ಹಿಂತಿರುಗುತ್ತದೆ.

ದಂಡೆಯ ಮರಳಿನಲ್ಲಿ ದೊಡ್ಡ ಪಾಲನ್ನು ತಂದು ಹಾಕುವುದು ಹೊಳೆಗಳು. ನಮ್ಮ ಮಲೆಗಳ ಕಲ್ಲು ಸವೆದು ಮರಳಾಗಿ, ಹೊಳೆಯಲ್ಲಿ ಉರುಳಿ, ಕೊನೆಗೆ ಕಡಲ ದಂಡೆಯಾಗುತ್ತದೆ. ಅಣೆಕಟ್ಟುಗಳ ಹಿಂದೆ ಒಂದಿಷ್ಟು ನಿಲ್ಲುತ್ತದೆ, ಲಾರಿಗಳಲ್ಲಿ ಒಂದಿಷ್ಟು ಹೋಗುತ್ತದೆ. ಆಡಿ ಹದಿನೆಂಟರಂದು ಹೊಳೆಗೆ ಪೂಜೆ ಸಲ್ಲಿಸಿ, ಮರುದಿನವೇ ಹೊಳೆಯ ಮರಳು ಅಗ್ಗಕ್ಕೆ ಸಿಕ್ಕಿತೆಂದು ಮನೆ ಕಟ್ಟಲು ಕೊಂಡರೆ ಆ ಪೂಜೆಗೆ ಅರ್ಥವಿಲ್ಲ. ಹೊಳೆಗೆ ಎಸೆದ ಪ್ಲಾಸ್ಟಿಕ್ ಚೀಲವೂ ಮಳೆಗಾಲದಲ್ಲಿ ಅದೇ ದಾರಿ ಹಿಡಿಯುತ್ತದೆ. ಕಡಲಿನಲ್ಲಿ ತೇಲುವ ಚೀಲವನ್ನು ಆಹಾರವೆಂದು ಬಗೆದು ನುಂಗುವ ಕಡಲಾಮೆಗಳಿವೆ.

ನಮ್ಮ ಮನೆಗಳಿಂದ

ಕಡಲಿನಿಂದ ದೂರವಿರುವ ನಾವು ಇರುಳು ಕಾವಲಿಗೆ ಹೋಗಲಾರೆವು. ಆದರೆ ನಮ್ಮ ಪಾಲಿಗೆ ಬಂದ ಕೆಲಸ ಕಡಿಮೆಯದಲ್ಲ.

ವೇಲಾಂಕಣ್ಣಿಗೆ, ರಾಮೇಶ್ವರಕ್ಕೆ, ಮಹಾಬಲಿಪುರಕ್ಕೆ, ಕಲ್ಲಿಕೋಟೆಗೆ ನಮ್ಮ ಕುಟುಂಬಗಳು ಹೋಗುತ್ತಲೇ ಇರುತ್ತವೆ. ಜನವರಿಯಿಂದ ಮೇ ತಿಂಗಳವರೆಗೆ ಇರುಳು ದಂಡೆಗೆ ಹೋದಾಗ ಬೆಂಕಿ ಹಾಕಬೇಡಿರಿ, ಟಾರ್ಚು ಬೆಳಗಬೇಡಿರಿ. ಮೇಲೆ ಬರುತ್ತಿರುವ ಆಮೆಯನ್ನು ಕಂಡರೆ ಸದ್ದಿಲ್ಲದೆ ದೂರ ನಿಲ್ಲಿರಿ. ಬೆಳಕಿಗೆ ಬೆದರಿದ ಆಮೆ ಮೊಟ್ಟೆಯಿಡದೆಯೇ ಹಿಂತಿರುಗುತ್ತದೆ. ಮಕ್ಕಳು ಎಷ್ಟು ಹಟ ಮಾಡಿದರೂ ಅದರ ಬೆನ್ನ ಮೇಲೆ ಕೂರಿಸಿ ಫೋಟೋ ತೆಗೆಯುವುದು ಸಲ್ಲದು. ದಾರಿ ತಪ್ಪಿದ ಮರಿಯನ್ನಾಗಲಿ, ಕೆದಕಿದ ಗೂಡನ್ನಾಗಲಿ ಕಂಡರೆ ಅರಣ್ಯ ಇಲಾಖೆಯವರಿಗೆ ಅಥವಾ ಸ್ಥಳದ ಮೀನುಗಾರರಿಗೆ ತಿಳಿಸಿರಿ. ಮರಿಯನ್ನು ಬಕೆಟ್ಟಿನ ನೀರಿಗೆ ಹಾಕಬೇಡಿರಿ. ಕಡಲ ಬದಿಯಲ್ಲಿ ವಸತಿಗೃಹ ನಡೆಸುವ ನಮ್ಮ ಬಂಧುಗಳಿದ್ದರೆ, ದಂಡೆಯ ಕಡೆಯ ದೀಪಗಳನ್ನು ಹಂಗಾಮಿನ ಇರುಳುಗಳಲ್ಲಿ ಆರಿಸಲು ಅಥವಾ ಮರೆಮಾಡಲು ಅವರಿಗೆ ಹೇಳಿರಿ.

ಉಕ್ಕಡದ ಮೀನುಪೇಟೆಗೆ ಬರುವುದು ಈ ಕಡಲುಗಳ ಮೀನೇ. ಸೀಗಡಿ ಕೊಳ್ಳುವ ಮನೆಯವರು ಇದು ಎಲ್ಲಿಯದು, ಹೇಗೆ ಹಿಡಿದದ್ದು ಎಂದು ಕೇಳುವ ರೂಢಿ ಮಾಡಿಕೊಳ್ಳಬೇಕು. ಮೊದಮೊದಲು ಅಂಗಡಿಯವನು ನಕ್ಕಾನು. ಬಟ್ಟೆಗೆ ಹಾಕಿದ ಬಣ್ಣದ ನೀರು ಎಲ್ಲಿಗೆ ಹೋಗುತ್ತದೆಂದು ಪರದೇಶದವರು ಮೊದಲು ಕೇಳಿದಾಗ ನಮ್ಮಲ್ಲಿಯೂ ನಕ್ಕವರಿದ್ದರು. ಬೇಸಗೆಯ ರಜೆಯಲ್ಲಿ ಮಕ್ಕಳನ್ನು ಅಮರಾವತಿಗೆ ಕರೆದೊಯ್ದಾಗ ಮೊಸಳೆಯನ್ನು ತೋರಿಸಿ, ಆ ಹೊಳೆಯ ತುದಿಯಲ್ಲಿ ಬೇರೊಂದು ತಾಯಿ ಇದ್ದಾಳೆಂದು ಹೇಳಿರಿ.

ಮೊಟ್ಟೆಯನ್ನು ಕಾಯುವುದು ಈ ಕೆಲಸದ ಸುಲಭದ, ಸುಖದ ಭಾಗ. ಮರಿಗಳು ನೀರಿಗೆ ಇಳಿಯುವುದನ್ನು ನೋಡಿ ಚಪ್ಪಾಳೆ ತಟ್ಟದವರು ಯಾರು? ತಾಯಿಯನ್ನು ಕಾಯುವುದು ಕಷ್ಟದ ಭಾಗ. ಅದಕ್ಕೆ ಯಾರಾದರೂ ಹಣ ತೆರಬೇಕಾಗುತ್ತದೆ, ಯಾರಾದರೂ ಒಂದು ಬುಟ್ಟಿ ಮೀನನ್ನು ಬಿಡಬೇಕಾಗುತ್ತದೆ, ಅಧಿಕಾರದಲ್ಲಿರುವವರು ಇರುಳು ಕಡಲಿಗೆ ಕಾವಲು ದೋಣಿ ಕಳುಹಿಸಬೇಕಾಗುತ್ತದೆ. ಚಪ್ಪಾಳೆ ಸಿಗದ ಈ ಭಾಗ ಆಗದಿದ್ದರೆ ಮೊದಲನೆಯ ಭಾಗ ತೂತಾದ ಕೊಡಕ್ಕೆ ನೀರು ತುಂಬಿದಂತಾಗುತ್ತದೆ.

ಈ ಪಂಗುನಿಯಲ್ಲಿ ನೀರು ಸೇರುವ ಹೆಣ್ಣುಮರಿ ಮೊಟ್ಟೆಯಿಡಲು ಮರಳಿ ಬರುವ ಹೊತ್ತಿಗೆ, ಇಂದು ನಮ್ಮ ಮನೆಯಲ್ಲಿ ಅಕ್ಷರ ಕಲಿಯುತ್ತಿರುವ ಮಗು ಕೆಲಸಕ್ಕೆ ಸೇರುವ ವಯಸ್ಸಿಗೆ ಬಂದಿರುತ್ತದೆ. ಅಷ್ಟು ವರ್ಷ ಒಂದು ತೀರವನ್ನು ನೆನಪಿಟ್ಟುಕೊಳ್ಳಬಲ್ಲ ಜೀವಕ್ಕೆ, ಬರುವ ದಾರಿಯಲ್ಲಿ ಬಲೆಯಿಲ್ಲದ ನೀರನ್ನೂ ಬಂದ ಮೇಲೆ ಒಂದು ಮೊಳ ಮರಳನ್ನೂ ಉಳಿಸಿಡುವಷ್ಟು ನೆನಪು ನಮಗಿರಬೇಕು.